ತುಣುಕಮ್ಮನ ಮನೆಗಳು

ತುಣುಕಮ್ಮ ಎಂದು ಅವಳಿಗೆ ಹೆಸರಿಟ್ಟವನು ಟೈಲರ್ ಅಂಗಡಿಯ ಮಾಸ್ಟರು. ಅವಳು ಅಲ್ಲಿಗೆ ಕಾಜಾ ಮಾಡುವುದಕ್ಕೆ, ಗುಂಡಿ ಹಾಕುವುದಕ್ಕೆ, ಅಂಚು ಮಡಿಸಿ ಹೊಲಿಯುವುದಕ್ಕೆ ಹೋಗುತ್ತಿದ್ದಳು. ಸಂಜೆ ಅಂಗಡಿಯ ಕಸ ಗುಡಿಸುವ ಹೊತ್ತಿಗೆ ಸರಿಯಾಗಿ ಮೇಜಿನ ಕೆಳಗೆ ಬಗ್ಗಿ, ಕತ್ತರಿಯಿಂದ ಉದುರಿದ ಬಟ್ಟೆಯ ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಳ್ಳುವಳು. ಅಂಗೈಯಗಲದ್ದಿರಲಿ, ಬೆರಳುದ್ದದ್ದಿರಲಿ, ಬಿಡುತ್ತಿರಲಿಲ್ಲ. "ಇವಳನ್ನ ಹೀಗೇ ಬಿಟ್ರೆ ಒಂದಿನ ನಾನು ಹಾಕ್ಕೊಂಡಿರೋ ಅಂಗಿನೂ ಆರಿಸ್ಕೊಂಡು ಹೋಗ್ತಾಳೆ" ಎಂದು ಮಾಸ್ಟರು ಅಂದ. ಮೆಷಿನ್ನಿನ ಹಿಂದೆ ಕೂತವರೆಲ್ಲ ನಕ್ಕರು. ಅವಳೂ ನಕ್ಕಳು. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಯಾರ ನಾಲಿಗೆಗೂ ಬಾರದೆ ಎಲ್ಲೋ ಮೂಲೆ ಸೇರಿತು.

ಹೆತ್ತವರನ್ನು ಅವಳು ಕಂಡದ್ದೂ ಅಷ್ಟಕ್ಕಷ್ಟೆ. ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲಿ. ಆ ಮನೆಯಲ್ಲಿ ಅವಳಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಜಾಗ. ಪೊರಕೆ, ಬಕೆಟ್ಟು, ಗಾಳಿ ಹೋದ ಸೈಕಲ್ ಟೈರು, ಇವುಗಳ ಜೊತೆಗೆ ಅವಳ ಹಾಸಿಗೆ. ಒಮ್ಮೆ ಹಳೆಯ ಕ್ಯಾಲೆಂಡರಿನಿಂದ ಹೂವಿನ ಚಿತ್ರವೊಂದನ್ನು ಕತ್ತರಿಸಿ ತಲೆದಿಂಬಿನ ಕಡೆ ಅಂಟಿಸಿದ್ದಳು. "ಗೋಡೆ ನಿಮ್ಮಪ್ಪನದಾ?" ಎಂದು ಚಿಕ್ಕಮ್ಮ ಅದನ್ನು ಅವಳ ಕೈಯಿಂದಲೇ ಕೀಳಿಸಿದಳು. ಹಾಗಾಗಿ ಮದುವೆಯ ಮಾತು ಬಂದಾಗ ಹುಡುಗನ ಬಣ್ಣ, ಎತ್ತರ, ಸಂಬಳ ಯಾವುದನ್ನೂ ಅವಳು ಕೇಳಲಿಲ್ಲ. ಕೇಳಿದ್ದು ಒಂದೇ ಮಾತು, ಬೇರೆ ಮನೆ ಮಾಡುತ್ತಾರಾ ಅಂತ.

ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಮೊಳೆ, ನಲ್ಲಿ, ಬಣ್ಣ ಮಾರುವವನು. ಒಂದು ಚಿಲಕ ಕೊಳ್ಳಲು ಬಂದವನಿಗೆ ಬಾಗಿಲನ್ನೇ ಮಾರಿ ಕಳಿಸುವಷ್ಟು ಮಾತುಗಾರ. ಸಿಟ್ಟು ಮಾಡುವವನಲ್ಲ, ಕೈ ಎತ್ತುವವನಂತೂ ಅಲ್ಲ. ಅವನು ಮಾಡಿದ ಮೊದಲ ಮನೆ ಹಿಟ್ಟಿನ ಗಿರಣಿಯ ಹಿಂದಿತ್ತು. ಎರಡು ಕೋಣೆ. ಗಿರಣಿ ಓಡಿದರೆ ಗೋಡೆಯೂ ನಡುಗಿ ಗಾರೆ ಪುಡಿಪುಡಿಯಾಗಿ ಉದುರುತ್ತಿತ್ತು.

"ಏನು ಬೇಕಾದ್ರೂ ಮಾಡ್ಕೋ. ಓನರ್ ದೂರದಲ್ಲಿದಾನೆ, ಈ ಕಡೆ ತಲೆ ಹಾಕಲ್ಲ. ಇದು ನಮ್ಮದೇ ಅಂದ್ಕೋ" ಎಂದ ಗಂಡ.

ನಮ್ಮದೇ ಎಂಬ ಮಾತು ಅವಳ ಕಿವಿಯೊಳಗೆ ಹೋಗಿ ಅಲ್ಲೇ ಕೂತಿತು. ಮಾಸ್ಟರು ಅಳತೆ ಕತ್ತರಿಸಿ ಬಿಸಾಡಿದ ಕಂದು ಕಾಗದಗಳನ್ನು ತಂದಳು. ಗಿರಣಿಯವನಿಂದ ನೆಲ ಗುಡಿಸಿದ ಹಿಟ್ಟು ಬೇಡಿ ತಂದು ಅಂಟು ಕಾಯಿಸಿದಳು. ಉದುರುವ ಗೋಡೆಯ ಮೇಲೆ ಕಾಗದ ಅಂಟಿಸಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬಳ್ಳಿ ಬಿಡಿಸಿದಳು. ತೋಳಿನ ಅಳತೆಯ ಕಾಗದ ಇತ್ತ ಕಡೆ, ಕಾಲರಿನದ್ದು ಅತ್ತ ಕಡೆ. ಬಳ್ಳಿ ಹಬ್ಬಿದ ಮೇಲೆ ಯಾವುದು ಯಾವುದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತೂತುಬಿದ್ದ ಜರಡಿಯನ್ನು ಬಲ್ಬಿಗೆ ಕಟ್ಟಿದಳು. ದೀಪ ಹಾಕಿದರೆ ಸೂರಿನ ತುಂಬ ಬೆಳಕಿನ ಚುಕ್ಕಿ. ಹಣ್ಣಿನ ಪೆಟ್ಟಿಗೆಗಳ ಹಲಗೆ ಬಿಡಿಸಿ ಕಪಾಟು ಮಾಡಿದಳು. ಚೂರು ಬಟ್ಟೆಗಳನ್ನು ಪಟ್ಟಿ ಪಟ್ಟಿಯಾಗಿ ಜೋಡಿಸಿ ಪರದೆ ಹೊಲಿದಳು. ನೋಡಲು ಬಂದ ಪಕ್ಕದ ಮನೆಯವಳು "ಎಷ್ಟು ಕೊಟ್ರಿ?" ಎಂದು ಕೇಳಿದಾಗ ಅವಳಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಆ ಮನೆಯಲ್ಲೇ ಮಗಳು ಹುಟ್ಟಿದಳು. ಚಿಕ್ಕ ಕಣ್ಣು, ಚೂಪು ಮೂಗು. ಗುಬ್ಬಿ ಎಂದು ಕರೆದರು. ಗುಬ್ಬಿ ನಡೆಯುವಂತಾದ ಮೇಲೆ ರಜೆಯ ದಿನಗಳಿಗೆ ಕಳೆ ಬಂತು. ಮಂಚಕ್ಕೆ ಹೊದಿಕೆ ಇಳಿಬಿಟ್ಟು ಡೇರೆ ಮಾಡುವರು. ಕಡಲೆಕಾಯಿ ಹುರಿದು ಕಾಗದದ ಪೊಟ್ಟಣ ಕಟ್ಟಿ ಅಂಗಡಿಯಾಟ ಆಡುವರು, ಗುಂಡಿಗಳೇ ದುಡ್ಡು. ಅಪ್ಪ ಗಿರಾಕಿಯಾಗಿ ಬಂದು ಚೌಕಾಸಿ ಮಾಡಿ ಮಾಡಿ ಕೊನೆಗೆ ಪೊಟ್ಟಣ ಕಸಿದುಕೊಂಡು ಓಡುವನು. ಮೂವರೂ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಳ್ಳುವರು. ನಗುವಾಗ ತುಣುಕಮ್ಮನಿಗೆ ಒಂದು ಅಭ್ಯಾಸವಿತ್ತು, ಒಂದು ಕೈ ಗೋಡೆಗೆ ಆನಿಸಿಕೊಳ್ಳುವಳು. ಮನೆ ಇದ್ದಕ್ಕಿದ್ದಂತೆ ಎಲ್ಲಾದರೂ ಹೋಗಿಬಿಟ್ಟೀತು ಎನ್ನುವ ಹಾಗೆ.

ಹೋಯಿತು. ಒಂದು ದಿನ ಮನೆ ಬ್ರೋಕರು ಬಂದ. ಸೊಂಟಕ್ಕೆ ಬೀಗದಕೈಗಳ ಗೊಂಚಲು ನೇತುಹಾಕಿಕೊಂಡು ಓಡಾಡುವ ಅವನನ್ನು ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಓನರಿನ ಮಗನಿಗೆ ಮನೆ ಬೇಕಂತೆ, ತಿಂಗಳೊಳಗೆ ಬಿಡಬೇಕಂತೆ ಎಂದ. ಗೋಡೆಯ ಮೇಲೆ ಕಣ್ಣಾಡಿಸಿ, ಜರಡಿಯ ದೀಪ ಎರಡು ಸಲ ಹಾಕಿ ಆರಿಸಿ, "ಇದನ್ನೆಲ್ಲ ನೀವೇ ಮಾಡಿದ್ದಾ ತಂಗಿ?" ಎಂದು ಕೇಳಿದ. ಅವಳು ಅಳು ನುಂಗಿಕೊಂಡು ಹೌದೆಂದಳು. "ಭಲೆ" ಎಂದ ಬೀಗದಣ್ಣ.

ಎರಡನೆಯ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಅಡಿಗೆಮನೆ ಮಸಿ ಹಿಡಿದು ಬಾವಲಿಯ ಗೂಡಿನಂತಿತ್ತು. ಅದನ್ನೂ ಬೀಗದಣ್ಣನೇ ಹುಡುಕಿಕೊಟ್ಟ. "ಈ ಸಲ ಗಟ್ಟಿ. ನಾನೇ ಮಾತಾಡಿದೀನಿ, ಹತ್ತು ವರ್ಷ ಯಾರೂ ಅಲ್ಲಾಡಿಸಲ್ಲ" ಎಂದ ಗಂಡ. ಅಂಗಡಿಯಲ್ಲಿ ನೆಗ್ಗಿದ ಡಬ್ಬಿಗಳು ಎಂದು ಬಣ್ಣವನ್ನೂ ತಂದುಕೊಟ್ಟ. ತುಣುಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆ ಮನೆ ಕಣ್ಣು ಬಿಡುವಂತಾದಾಗ ಅದೂ ಹೋಯಿತು. ಓನರು ಮಾರಿಬಿಟ್ಟನಂತೆ. ಪರದೆಗಳನ್ನು ಬಿಚ್ಚಲು ಹೋದಾಗ ಗಂಡ ತಡೆದ. "ಬೇಡ, ಬಿಡು. ಗೋಡೆಗೆ ಮೊಳೆ ಹೊಡೆದದ್ದಕ್ಕೆ ಅಡ್ವಾನ್ಸ್ ಹಿಡ್ಕೊಳ್ತೀನಿ ಅಂತಿದ್ದ. ಇದನ್ನೆಲ್ಲ ಬಿಟ್ಟು ಹೋಗ್ತೀವಿ ಅಂತ ಒಪ್ಪಿಸಿದೀನಿ." ಅವಳು ಬಿಟ್ಟಳು.

ಮೂರನೆಯದಕ್ಕೆ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ. ಅಲ್ಲಿ ಒಬ್ಬಂಟಿ ಮುದುಕನೊಬ್ಬ ಸತ್ತು, ವಾಸನೆ ಬೀದಿಗೆ ಬರುವ ತನಕ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಅವಳು ನೆಲವನ್ನು ಇಟ್ಟಿಗೆಯ ಚೂರಿನಿಂದ ಉಜ್ಜಿ ಉಜ್ಜಿ ತೊಳೆದಳು. ಸೂರಿಗೆ ಸುಣ್ಣ ಬಳಿಯುವಾಗ ಏಣಿಯ ಮೇಲೆ ಕತ್ತೆತ್ತಿ ನಿಂತಿದ್ದವಳ ಎಡಗಣ್ಣಿಗೆ ಸುಣ್ಣ ಬಿತ್ತು. ಕೆಳಗಿಳಿದು ತೊಳೆಯುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಕಣ್ಣು ಉಳಿಯಿತು ಎನ್ನಬೇಕು ಅಷ್ಟೆ. ಅದರಲ್ಲಿ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಸ್ಪತ್ರೆಯ ಖರ್ಚನ್ನೆಲ್ಲ ಬೀಗದಣ್ಣ ನೋಡಿಕೊಂಡ. ಹಣ್ಣು ಹಿಡಿದು ನೋಡಲೂ ಬಂದ. "ಒಡಹುಟ್ಟಿದೋರೂ ಹೀಗೆ ಮಾಡಲ್ಲ" ಎಂದು ತುಣುಕಮ್ಮ ಕಣ್ಣಿಗೆ ಕಟ್ಟು ಹಾಕಿಕೊಂಡೇ ಅವನಿಗೆ ಕೈ ಮುಗಿದಳು. ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

ನಾಲ್ಕನೆಯ ಮನೆಗೆ ಸಣ್ಣ ಅಂಗಳವಿತ್ತು. ಅಷ್ಟರಲ್ಲಿ ಅತ್ತೆಯೂ ಇವರ ಜೊತೆಗೆ ಬಂದು ಸೇರಿದ್ದಳು. ತುಣುಕಮ್ಮ ಒಂದೇ ಕಣ್ಣಿನಲ್ಲಿ ದಾರ ಪೋಣಿಸಿ, ಹಿಂದೆಂದೂ ಹೊಲಿಯದಂಥ ಪರದೆಗಳನ್ನು ಹೊಲಿದಳು. ಕೆಳಗೆ ಕಡುನೀಲಿ, ಮೇಲೆ ಹೋದಂತೆ ತಿಳಿಯಾಗುತ್ತ ಬರುವ ನೀಲಿ. ಅದಕ್ಕೆಂದು ಎರಡು ವರ್ಷ ನೀಲಿ ಚೂರುಗಳನ್ನೇ ಕೂಡಿಟ್ಟಿದ್ದಳು. ಕಿಟಕಿಯಡಿ ಹಲಗೆ ಹೊಡೆದು, ಹತ್ತಿ ತುಂಬಿದ ದಿಂಬು ಹಾಕಿ ಕೂರುವ ಜಾಗ ಮಾಡಿದಳು. ಡಬ್ಬಿಗಳಲ್ಲಿ ಗಿಡ ಹಚ್ಚಿದಳು. ಸಂಜೆ ಆ ಕಿಟಕಿಯಲ್ಲಿ ಕೂತು ಗುಬ್ಬಿಯ ಜಡೆ ಹೆಣೆಯುತ್ತ, ಅವಳ ಶಾಲೆಯ ಸುದ್ದಿ ಕೇಳುತ್ತ, ಇನ್ನು ನನ್ನನ್ನು ಇಲ್ಲಿಂದ ಹೆಣವಾಗಿಯೇ ಎತ್ತಬೇಕು ಎಂದುಕೊಳ್ಳುವಳು.

ಆ ಮನೆ ಬಿಡುವಾಗ ಬಾಗಿಲ ಚೌಕಟ್ಟು ಹಿಡಿದು ಅತ್ತಳು. "ಗೋಡೆ ತಬ್ಕೊಂಡು ಅಳೋರನ್ನ ಇದೇ ಮೊದಲು ನೋಡಿದ್ದು. ಗಂಡ ಸತ್ತಿದ್ರೂ ಇಷ್ಟು ಅಳ್ತಿರ್ಲಿಲ್ವೇನೋ" ಎಂದಳು ಅತ್ತೆ. ಗುಬ್ಬಿ ಆಗ ಹನ್ನೆರಡರ ಹುಡುಗಿ. ಸಾಮಾನಿನ ಗಾಡಿಯ ಮೇಲೆ ಕೂತು, ಅಮ್ಮನ ಕಡೆ ತಿರುಗಿಯೂ ನೋಡದೆ ಕಾಲು ಆಡಿಸುತ್ತಿದ್ದಳು.

ಐದನೆಯ ಮನೆ ಮೋರಿಯ ಪಕ್ಕ. ಗೋಡೆಗಳು ಮೊಣಕಾಲೆತ್ತರದವರೆಗೆ ತೇವ. "ಇದು ಕೊನೇದು. ನನ್ನ ಮೇಲಾಣೆ" ಎಂದ ಗಂಡ. ತುಣುಕಮ್ಮನಿಗೆ ಈ ಸಲ ಕೈ ಏಳಲಿಲ್ಲ. ಎರಡು ತಿಂಗಳು ಗೋಡೆ ನೋಡುತ್ತ ಕೂತಳು. ಅಮ್ಮ ಹಾಗೆ ಕೂತರೆ ಮನೆಯಲ್ಲಿ ಗಾಳಿಯೂ ಆಡುವುದಿಲ್ಲ. ಏನು ಕೇಳಿದರೂ ಮೈಮೇಲೆ ಬೀಳುವಳು. ಕೊನೆಗೆ ಗುಬ್ಬಿಯೇ, "ಅಮ್ಮ, ಇಲ್ಲಿ ಮರ ಬಿಡಿಸೋಣ, ಗೋಡೆ ತುಂಬ. ನಾನು ಎಲೆ ಕತ್ತರಿಸ್ತೀನಿ" ಎಂದು ಪುಸಲಾಯಿಸಿದಳು. ತುಣುಕಮ್ಮ ಎದ್ದಳು. ಒಂದು ಗೋಡೆಯ ಅರ್ಧಕ್ಕೆ ಕಾಗದ ಅಂಟಿ, ಮರದ ಬುಡ ಮೂಡಿ, ಕೊಂಬೆ ಒಡೆಯುವಷ್ಟರಲ್ಲಿ ಅವಳ ಮುಖದ ಗಂಟು ಸಡಿಲವಾಗಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಟೈಲರ್ ಅಂಗಡಿಗೆ ಶಾಲೆಯ ಟೀಚರಮ್ಮ ಒಬ್ಬರು ಬಂದು, ಚೀಲದಿಂದ ಪರದೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಕೆಳಗೆ ಕಡುನೀಲಿ, ಮೇಲೆ ತಿಳಿನೀಲಿ.

"ಇದು ಒಂದು ಗೇಣು ಮೋಟು ಮಾಡ್ಬೇಕು. ಕಿಟಕಿ ಕೆಳಗಿದ್ದ ಹಲಗೆ ಕೀಳಿಸಿ ಸೋಫಾ ಹಾಕಿದೀವಿ, ಸಿಕ್ಕಾಕ್ಕೊಳ್ಳತ್ತೆ."

ಮಾಸ್ಟರು ಬಟ್ಟೆ ಎತ್ತಿ ಬೆಳಕಿಗೆ ಹಿಡಿದ. ತನ್ನ ಕೈಯಿಂದ ಕತ್ತರಿಸಿದ ಬಟ್ಟೆಯ ಚೂರು ಅವನಿಗೆ ಗೊತ್ತಾಗದಿರುತ್ತದೆಯೇ. ಒಂದು ಸಲ ತುಣುಕಮ್ಮನ ಕಡೆ ನೋಡಿದ. ಅವಳು ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದವಳು ಹಾಗೇ ಕೂತಿದ್ದಳು. ಮಾಸ್ಟರು ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ಮೋಜು ಹತ್ತಿತು.

"ಒಳ್ಳೆ ಕೈ. ಎಲ್ಲಿ ತಗೊಂಡ್ರಿ ಮೇಡಂ?"

"ತಗೊಳ್ಳೋದೆಲ್ಲಿ ಬಂತು, ಮನೆ ಜೊತೆಗೇ ಸಿಕ್ತು. ಬಾಡಿಗೆ ಸ್ವಲ್ಪ ಜಾಸ್ತಿನೇ. ಆದ್ರೆ ಮನೆ ನೋಡಿದ್ರೆ ಇಲ್ಲ ಅನ್ನೋಕೆ ಬಾಯಿ ಬರಲ್ಲ." ಟೀಚರಮ್ಮ ನಗುತ್ತ ದನಿ ತಗ್ಗಿಸಿದರು. "ಬ್ರೋಕರ್ ಒಬ್ಬ ಇದಾನೆ ನೋಡಿ, ಭಾರಿ ಕಿಲಾಡಿ. ಅವನ ಹತ್ರ ಒಂದು ಸಂಸಾರ ಇದೆಯಂತೆ. ಹಾಳುಬಿದ್ದ ಮನೆಗಳಿಗೆ ಮೊದಲು ಅವರನ್ನ ಬಿಡ್ತಾನಂತೆ, ಪುಗಸಟ್ಟೆ. ಆ ಹೆಂಗಸು ಮನೇನ ಮದುವಣಗಿತ್ತಿ ಥರ ಮಾಡಿಡ್ತಾಳಂತೆ. ಆಮೇಲೆ ಅವರನ್ನ ಎಬ್ಬಿಸಿ ನಮ್ಮಂಥವರಿಗೆ ಕೊಡೋದು."

"ಆ ಹೆಂಗಸಿಗೂ ಏನಾದ್ರೂ ಸಿಗತ್ತಾ?" ಮಾಸ್ಟರು ಕೇಳಿದ.

"ಅಯ್ಯೋ, ಅವಳಿಗೆ ಗೊತ್ತೇ ಇಲ್ವಂತೆ. ಗೊತ್ತಾದ್ರೆ ಮಾಡಲ್ಲ ಅಂತ ಗಂಡನೇ ಹೇಳಿಲ್ವಂತೆ. ಪ್ರತಿ ಸಲ ಇದು ನಮ್ಮದೇ ಮನೆ ಅಂತ ಕಿವಿಗೆ ಹೂವಿಡ್ತಾನಂತೆ. ಹೋಗೋವಾಗ ಅವಳು ಅಳೋದನ್ನ ಬ್ರೋಕರ್ ಆಕ್ಟ್ ಮಾಡಿ ತೋರಿಸ್ದ, ನಮ್ಮನೆಯೋರು ನಕ್ಕೂ ನಕ್ಕೂ ಸುಸ್ತು."

ಮೆಷಿನ್ನುಗಳು ಒಂದೊಂದಾಗಿ ನಿಂತಿದ್ದವು. ಎಲ್ಲರಿಗೂ ತಿಳಿದುಹೋಗಿತ್ತು, ಟೀಚರಮ್ಮನೊಬ್ಬರನ್ನು ಬಿಟ್ಟು. ಮಾಸ್ಟರು ಪರದೆಗಳನ್ನು ಮಡಿಸಿ ತುಣುಕಮ್ಮನ ಮಡಿಲಿಗೆ ಹಾಕಿದ. "ಇವಳ ಕೈಲೇ ಮಾಡಿಸ್ತೀನಿ ಮೇಡಂ. ಈ ಬಟ್ಟೆ ಇವಳಿಗೆ ಚೆನ್ನಾಗಿ ಗೊತ್ತು."

ಅವಳು ಕೆಳಗಿನ ಕಡುನೀಲಿಯನ್ನು ಒಂದು ಗೇಣು ಕತ್ತರಿಸಿದಳು. ಅಂಚು ಮಡಿಸಿ ಹೊಲಿದಳು. ಹೊಲಿಗೆ ನೆಟ್ಟಗೆ ಬಂತು. ಕತ್ತರಿಸಿದ ಪಟ್ಟಿ ಕೆಳಗೆ ಬಿದ್ದಿತ್ತು. ಅಂದು ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಮನೆಗೆ ಬಂದಾಗ ಗಂಡ ಊಟಕ್ಕೆ ಕೂತಿದ್ದ. ಅತ್ತೆ ಮಂಚದ ಮೇಲೆ, ಗುಬ್ಬಿ ನೆಲದಲ್ಲಿ ಕಾಗದದ ಎಲೆ ಕತ್ತರಿಸುತ್ತ. ತುಣುಕಮ್ಮ ಚಪ್ಪಲಿಯನ್ನೂ ಬಿಡದೆ ನಿಂತು, "ಈ ಮನೆ ಎಷ್ಟು ದಿನಕ್ಕೆ?" ಎಂದು ಕೇಳಿದಳು.

ಗಂಡನ ಕೈ ತುತ್ತಿನ ಮೇಲೆ ನಿಂತಿತು. ಮಾತಿನ ಮಲ್ಲ ಅವನು. ಆದರೂ ಮೊದಲು ಮಾತಾಡಿದ್ದು ಅವನ ತಾಯಿ.

"ನಾನು ಅವತ್ತೇ ಹೇಳಿದ್ದೆ, ಒಂದಲ್ಲ ಒಂದಿನ ಇವಳಿಗೆ ಗೊತ್ತಾಗತ್ತೆ ಅಂತ."

"ಕೂತ್ಕೋ. ಮೊದಲು ಊಟ ಮಾಡು" ಎಂದ ಗಂಡ. ಅವಳು ಕೂರಲಿಲ್ಲ. ಅವನು ಕೈ ತೊಳೆದುಕೊಂಡು ಬಂದು, ಗಿರಾಕಿಗೆ ಹೇಳುವ ಹಾಗೆ ಸಮಾಧಾನದಿಂದ ಹೇಳಿದ. ಮೊದಲ ಮನೆ ನಿಜವಾಗಿಯೂ ಓನರಿಗೆ ಬೇಕಾಗಿತ್ತು, ಅದರಲ್ಲಿ ಮೋಸವಿರಲಿಲ್ಲ. ಆದರೆ ಓನರಿನ ಮಗ ಬಾರದೆ ಅದು ಕೂಡಲೇ ದುಬಾರಿ ಬಾಡಿಗೆಗೆ ಹೋದದ್ದು ಕಂಡು ಬೀಗದಣ್ಣನಿಗೆ ಈ ಯೋಚನೆ ಹೊಳೆಯಿತು. ಬಣ್ಣವೂ ಅವನದೇ. "ನಮ್ಮಿಬ್ಬರ ಸಂಬಳ ಸೇರಿಸಿದ್ರೂ ಒಂದು ನೆಟ್ಟಗಿರೋ ಮನೆ ಸಿಗ್ತಿರ್ಲಿಲ್ಲ. ಹೀಗಾದ್ರೂ ನಾಲ್ಕು ಮನೆ ಅನುಭವಿಸ್ದೆ. ಒಂದೊಂದರಲ್ಲೂ ಎಷ್ಟು ಖುಷಿಯಾಗಿದ್ದೆ, ನೀನೇ ಹೇಳು. ಸುಳ್ಳಾ?"

"ಕಣ್ಣು ಹೋಯ್ತಲ್ಲ, ಆಗ್ಲಾದ್ರೂ ಹೇಳ್ಬಹುದಿತ್ತು."

"ಆಗ ಹೇಗೆ ಹೇಳ್ಲಿ? ನೀನು ಆ ಸ್ಥಿತೀಲಿದ್ದೆ."

ಅವನು ಅದನ್ನು ನಿಜವಾದ ಕನಿಕರದಿಂದಲೇ ಹೇಳಿದ. ಅದೇ ಅವಳಿಗೆ ತಡೆಯಲಾಗಲಿಲ್ಲ. ಅವನನ್ನು ಬಿಟ್ಟು ಮಗಳ ಕಡೆ ತಿರುಗಿದಳು, ಈ ಮನೆಯಲ್ಲಿ ತನ್ನ ಪಾಲಿಗೆ ಇರುವುದು ಇವಳೊಬ್ಬಳು ಎಂಬಂತೆ. ಗುಬ್ಬಿ ತಲೆ ಎತ್ತಲಿಲ್ಲ. ಕತ್ತರಿ ಮಾತ್ರ ನಿಂತಿತ್ತು.

"ಗುಬ್ಬಿ, ನಿಂಗೂ ಗೊತ್ತಿತ್ತಾ?"

"ಅಂಗಳದ ಮನೇಲಿದ್ದಾಗ ಅಪ್ಪ, ಬೀಗದ ಮಾಮ ಮಾತಾಡೋದು ಕೇಳಿಸ್ತು."

"ಯಾಕೆ ಹೇಳ್ಲಿಲ್ಲ?"

ಹುಡುಗಿ ಕತ್ತರಿ ಕೆಳಗಿಟ್ಟಳು. ಆಮೇಲೆ ಎಲೆಗಳನ್ನು ಒಟ್ಟುಗೂಡಿಸುತ್ತ ಹೇಳಿದಳು. "ಹೇಳಿದ್ರೆ ನೀನು ಮಾಡ್ತಿರ್ಲಿಲ್ಲ. ಮನೆ ಮಾಡೋವಾಗ ಮಾತ್ರ ನೀನು ನನ್ನ ಹತ್ರ ಚೆನ್ನಾಗಿರ್ತೀಯ. ಇಲ್ದಿದ್ರೆ ಬರೀ ಬೈತೀಯ."

ತುಣುಕಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ತಟ್ಟೆ ಹಾಕಿಕೊಂಡು ಊಟ ಮಾಡಿದಳು. ರಂಪವಾಗುತ್ತದೆ ಎಂದು ಉಸಿರು ಬಿಗಿಹಿಡಿದಿದ್ದ ಮೂವರಿಗೂ ಹಗುರವಾಯಿತು. ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ಸರಿಹೋಗುತ್ತಾಳೆ ಎಂದುಕೊಂಡ ಗಂಡ.

ವಾರ ಕಳೆದ ಮೇಲೆ ಅವಳೇ ಬೀಗದಣ್ಣನ ಆಫೀಸಿಗೆ ಹೋದಳು. ಒಂದು ಮೇಜು, ಎರಡು ಕುರ್ಚಿ, ಗೋಡೆ ತುಂಬ ಮೊಳೆಗೆ ತೂಗುಹಾಕಿದ ಬೀಗದಕೈಗಳು. ಅವನು ಎದ್ದು ನಿಂತು ಬಾಗಿಲ ಕಡೆ ಒಮ್ಮೆ ನೋಡಿದ.

"ಹೆದರ್ಬೇಡಿ ಅಣ್ಣ. ಕೆಲಸ ಮಾಡ್ತೀನಿ. ಖಾಲಿ ಮನೆಗೇ ಹೋಗಿ ಮಾಡಿಕೊಟ್ಟು ಬರ್ತೀನಿ. ಕೂಲಿ ನನ್ನ ಕೈಗೆ ಕೊಡಿ. ನಾವು ಆ ಮೋರಿ ಪಕ್ಕದ ಮನೇಲೇ ಬಾಡಿಗೆ ಕೊಟ್ಟು ಇರ್ತೀವಿ, ಅದು ಹೇಗಿದೆಯೋ ಹಾಗೇ."

ಬೀಗದಣ್ಣ ಕೂತು ಗಹಗಹಿಸಿ ನಕ್ಕ. "ಇಷ್ಟು ಸುಲಭ ಅಂತ ಗೊತ್ತಿದ್ದಿದ್ರೆ ನಿಮ್ಮ ಯಜಮಾನ್ರ ಹತ್ರ ಇಷ್ಟು ವರ್ಷ ನಾಟಕ ಯಾಕೆ ಬೇಕಿತ್ತು ತಂಗಿ?"

ಅವಳು ಟೈಲರ್ ಅಂಗಡಿ ಬಿಟ್ಟಳು. ಬೆಳಿಗ್ಗೆ ಕೈಗೆ ಒಂದು ಬೀಗದಕೈ ಬರುತ್ತಿತ್ತು. ಹೋಗಿ ತೆಗೆದು, ತೊಳೆದು, ಬಳಿದು, ಅಂಟಿಸಿ, ಪರದೆ ತೂಗಿ, ಬೀಗ ಹಾಕಿ ಬರುವಳು. ಮನಸ್ಸಿಲ್ಲದೆ ಮಾಡಿದ್ದು ಕಣ್ಣಿಗೆ ಹೊಡೆದು ಕಾಣುತ್ತದೆ, ಬಂದವರು ಮೂಗು ಮುರಿಯುತ್ತಾರೆ, ಆಗ ಬೀಗದಣ್ಣನಿಗೆ ಬುದ್ಧಿ ಬರುತ್ತದೆ ಎಂದು ಅವಳು ಒಳಗೊಳಗೇ ಕಾದಿದ್ದಳು. ಯಾರೂ ಮೂಗು ಮುರಿಯಲಿಲ್ಲ. ಅದೇ ಬಳ್ಳಿ, ಅದೇ ನೀಲಿ, ಅದೇ ಚುಕ್ಕಿ ದೀಪ. ಬಂದವರು ಹಿಂದಿನವರಂತೆಯೇ ಮೆಚ್ಚಿದರು, ಹಿಂದಿನವರಂತೆಯೇ ಹೆಚ್ಚು ಬಾಡಿಗೆಗೆ ಒಪ್ಪಿದರು. ಒಬ್ಬಳಂತೂ "ಇದನ್ನ ಮಾಡಿದೋರು ಎಷ್ಟು ಪ್ರೀತಿಯಿಂದ ಮಾಡಿದಾರೆ" ಎಂದು ಅವಳ ಎದುರಿಗೇ ಹೇಳಿದಳು. ಇಷ್ಟು ವರ್ಷ ತಾನು ಅವುಗಳಲ್ಲಿ ಸುರಿದದ್ದು ಯಾರ ಕಣ್ಣಿಗೂ ಬಿದ್ದಿರಲೇ ಇಲ್ಲ ಎಂಬುದು ಅವಳಿಗೆ ಆಗ ಗೊತ್ತಾಯಿತು. ಗಂಡನ ಮೋಸಕ್ಕಿಂತ ಇದು ಹೆಚ್ಚು ಸುಟ್ಟಿತು.

ಮೋರಿಯ ಪಕ್ಕದ ಮನೆ ಹೇಗಿತ್ತೋ ಹಾಗೇ ಉಳಿಯಿತು. ಅರ್ಧ ಗೋಡೆಗೆ ಕಾಗದ, ಅದರ ಮೇಲೆ ಒಂದು ಬುಡ, ನಾಲ್ಕು ಬೋಳು ಕೊಂಬೆ. ಉಳಿದರ್ಧ ತೇವ, ಬೂಷ್ಟು. ಬಲ್ಬು ಬರೀ ವೈರಿಗೆ ನೇತಾಡುತ್ತಿತ್ತು. ರಜೆಯ ದಿನ ತುಣುಕಮ್ಮ ಮಲಗುತ್ತಿದ್ದಳು.

ಶಾಲೆಯ ರಜೆಯಲ್ಲಿ ಒಂದು ದಿನ ಅವಳು ಕೆಲಸಕ್ಕೆ ಹೋದಾಗ ಗುಬ್ಬಿ ತಾನೇ ಅಂಟು ಕಾಯಿಸಿದಳು. ಅಮ್ಮನಿಗೆ ಗೊತ್ತಾಗದ ಹಾಗೆ ಕೂಡಿಟ್ಟಿದ್ದ ಎಲೆಗಳನ್ನೆಲ್ಲ ಕೊಂಬೆಗೆ ಅಂಟಿಸಿದಳು. ಅಂಟು ಗಂಟುಗಂಟಾಗಿತ್ತು, ಎಲೆ ಸುಕ್ಕುಸುಕ್ಕಾಗಿತ್ತು, ಕೆಲವು ತಲೆಕೆಳಗಾಗಿದ್ದವು. ಆದರೂ ಅದು ಮರವೆಂದು ಗೊತ್ತಾಗುತ್ತಿತ್ತು. ಅಜ್ಜಿ ಮಂಚದಿಂದಲೇ "ಇನ್ನೂ ಮೇಲೆ, ಇನ್ನೂ ಮೇಲೆ" ಎಂದು ಹುರಿದುಂಬಿಸಿದ್ದಳು. ಸಂಜೆ ಅಮ್ಮ ಬರುವ ಹೊತ್ತಿಗೆ ಹುಡುಗಿ ಅಂಟಿನ ಕೈಗಳನ್ನು ಹಿಂದೆ ಕಟ್ಟಿಕೊಂಡು ಗೋಡೆಯ ಪಕ್ಕ ನಿಂತಳು.

ತುಣುಕಮ್ಮ ಒಳಗೆ ಬಂದು ನೋಡಿದಳು. ಹತ್ತಿರ ಹೋಗಿ ಒಂದು ಎಲೆಯ ತುದಿ ಹಿಡಿದಳು. ಸರಿಮಾಡುತ್ತಾಳೆ ಎಂದುಕೊಂಡಳು ಗುಬ್ಬಿ. ತುಣುಕಮ್ಮ ಅದನ್ನು ಕಿತ್ತಳು. ಆಮೇಲೆ ಇನ್ನೊಂದು. ಅಂಟು ಇನ್ನೂ ಹಸಿ, ಒಂದೊಂದೂ ಸುಲಭವಾಗಿ ಬಂತು. ಅವಳಿಗೆ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ಬೀನ್ಸಿನ ನಾರು ತೆಗೆಯುವಷ್ಟು ನೆಮ್ಮದಿಯಿಂದ ಎಲ್ಲವನ್ನೂ ಕಿತ್ತು ಮೊರಕ್ಕೆ ಹಾಕಿದಳು.

"ಅಮ್ಮ, ನಾನು ನಿಂಗೋಸ್ಕರ" ಎಂದು ಶುರುಮಾಡಿದಳು ಹುಡುಗಿ.

"ಕೂಲಿ ಎಷ್ಟು ಅಂತ ಮಾತಾಡ್ಕೊಂಡಿದ್ದೆ? ಮೊದಲು ಮಾತಾಡ್ಕೋಬೇಕು. ಕೈ ತೊಳ್ಕೋ ಹೋಗು."

"ಪಾಪ, ಮಗು ಕಣೆ ಅದು" ಎಂದಳು ಅತ್ತೆ.

"ನೀವೆಲ್ಲ ಸೇರಿ ಬುದ್ಧಿ ಬರೋ ಹಾಗೆ ಮಾಡಿದೀರಲ್ಲ ಅತ್ತೆ, ಇನ್ನೆಲ್ಲಿ ಮಗು."

ಗುಬ್ಬಿ ಅಳಲಿಲ್ಲ. ಆ ದಿನದಿಂದ ಅವಳು ಮನೆಯಲ್ಲಿ ಕತ್ತರಿ ಮುಟ್ಟಲಿಲ್ಲ. ಅಮ್ಮನಿಗೆ ಎದುರಾಡಲೂ ಇಲ್ಲ. ಬಡಿಸಿದ್ದನ್ನು ಉಂಡು, ಹೇಳಿದ್ದನ್ನು ಮಾಡಿ, ಬಾಡಿಗೆಗೆ ಇರುವವಳಂತೆ ಇದ್ದುಬಿಟ್ಟಳು.

ಅತ್ತೆ ಕಾಯಿಲೆ ಬಿದ್ದಳು. ಅವಳ ಮಂಚ ಪಶ್ಚಿಮದ ಕಿಟಕಿಯ ಕೆಳಗೆ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. "ಏನಾದ್ರೂ ಒಂದು ಬಟ್ಟೆ ಕಟ್ಟೇ, ಪುಣ್ಯ ಬರತ್ತೆ. ಊರವರಿಗೆಲ್ಲ ಹೊಲಿದು ಕೊಡ್ತೀಯ" ಎಂದು ಮುದುಕಿ ಬೇಡಿಕೊಂಡಳು. ಕೋಣೆಯ ಮೂಲೆಯಲ್ಲೇ ಬೇರೆ ಮನೆಯೊಂದಕ್ಕೆ ಹೊಲಿದ ಪರದೆಗಳು ಮಡಿಸಿ ಇಟ್ಟಿದ್ದವು. "ಆ ಕಡೆ ತಿರುಗಿ ಮಲ್ಕೊಳ್ಳಿ ಅತ್ತೆ" ಎಂದಳು ತುಣುಕಮ್ಮ. ಹೊತ್ತುಹೊತ್ತಿಗೆ ಔಷಧಿ ಕೊಟ್ಟಳು, ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಪರದೆ ಮಾತ್ರ ಕಟ್ಟಲಿಲ್ಲ. ಗಂಡ ಒಂದು ದಿನ ತನ್ನ ಪಂಚೆಯನ್ನೇ ಮೊಳೆಗೆ ಸಿಕ್ಕಿಸಿದ. ಅವಳು ಒಗೆಯುವುದಕ್ಕೆಂದು ತೆಗೆದುಕೊಂಡು ಹೋದಳು. ಮುದುಕಿ ಆ ಬೇಸಿಗೆ ದಾಟಲಿಲ್ಲ.

ತಾಯಿ ಹೋದ ಮೇಲೆ ಗಂಡನ ಮಾತು ಬತ್ತಿತು. ಅಂಗಡಿಯಲ್ಲಿ ಗಿರಾಕಿಗಳಿಗೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾನೆಂದು ಜನ ಹೇಳಿಕೊಳ್ಳುತ್ತಿದ್ದರು. ಒಂದು ಸಲ ನಿಜವಾಗಿಯೂ ದುಡ್ಡು ಕೊಟ್ಟು ಬಣ್ಣ ತಂದು, ಮುಂಬಾಗಿಲಿಗೆ ಹಸಿರು ಬಳಿದ. ಬ್ರಷ್ ಹಿಡಿದು ಗೊತ್ತಿಲ್ಲದವನು, ಎಲ್ಲ ಕಡೆ ಸೋರಿಸಿದ್ದ. ಹೆಂಡತಿ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಅಂಗೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡಳು.

ಗುಬ್ಬಿ ಓದು ಮುಗಿಸಿ, ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಕೆಲಸದಲ್ಲಿದ್ದವನನ್ನು ಮದುವೆಯಾದಳು. ಬಸ್ಸಿನಲ್ಲಿ ಅರ್ಧ ದಿನದ ದಾರಿ. ಎರಡು ವರ್ಷ ಅಪ್ಪನಿಗಷ್ಟೇ ಫೋನು ಬರುತ್ತಿತ್ತು. ಒಂದು ದಿನ ಅಮ್ಮನಿಗೆ ಕೊಡು ಎಂದಳಂತೆ.

"ಅಮ್ಮ, ಮನೆ ಮಾಡಿದೀವಿ. ಗೋಡೆ ಎಲ್ಲ ಬೋಳು ಬೋಳು. ನಂಗೇನೂ ಮಾಡೋಕೆ ಬರಲ್ಲ. ನೀನೊಂದ್ಸಲ ಬಂದು ಏನಾದ್ರೂ ಮಾಡ್ಕೊಡ್ತೀಯಾ?"

ಆ ಕಡೆಯಿಂದ ಮಗಳ ಉಸಿರು ಕೇಳುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದಿದ್ದೆ ಎಂದೇ ತುಣುಕಮ್ಮನಿಗೆ ಆಮೇಲೂ ಅನಿಸುತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ಬೀಗದಣ್ಣನ ನಂಬರ್ ನಿಮ್ಮಪ್ಪನ ಹತ್ರ ಇದೆ. ಕೆಲಸ ಎಲ್ಲ ಅವರೇ ಗೊತ್ತುಮಾಡೋದು."

ಗುಬ್ಬಿ ತುಣುಕಮ್ಮನ ಮಗಳೇ ತಾನೇ. ಬೀಗದಣ್ಣನಿಗೆ ಫೋನು ಮಾಡಿದಳು, ಅವನು ಹೇಳಿದಷ್ಟು ದುಡ್ಡು ಕೊಟ್ಟಳು. ಗೊತ್ತುಮಾಡಿದ ದಿನ ತುಣುಕಮ್ಮ ಬ್ರಷ್ಷು, ಅಂಟು, ಪರದೆಗಳ ಚೀಲ ಹೊತ್ತು ಬಸ್ಸಿಳಿದಳು. ಮಗಳು ನಿಲ್ದಾಣಕ್ಕೆ ಬಂದಿದ್ದಳು. ಚೀಲಕ್ಕೆ ಕೈ ಹಾಕಲು ಹೋದಾಗ "ಬೇಡ, ಭಾರ ಇದೆ" ಎಂದಳು ತಾಯಿ. ಮಗಳ ನಡಿಗೆ ನೋಡಿಯೇ ಅವಳಿಗೆ ಗೊತ್ತಾಗಿತ್ತು. ನಾಲ್ಕು ತಿಂಗಳಿರಬಹುದು, ಐದಿರಬಹುದು. ಮಗಳು ತಾನಾಗಿ ಹೇಳಲಿಲ್ಲ, ತಾಯಿ ಕೇಳಲಿಲ್ಲ.

ಮೂರು ದಿನ ಕೆಲಸ ಮಾಡಿದಳು. ಮಗಳು ಟೀ ತಂದರೆ ಏಣಿಯ ಮೇಲೆ ನಿಂತೇ ಕುಡಿದಳು. ಊಟಕ್ಕೆ ಕರೆದರೆ, ತಂದ ಬುತ್ತಿ ಬಿಚ್ಚಿದಳು. ಅಳಿಯ ಮಾತಿಗೆ ಬಂದು, ಬಣ್ಣದ ಹೆಸರು ಕೇಳಿ, ಉತ್ತರ ಪಡೆದು ಹೊರಟುಹೋದ. ಕಿಟಕಿಯ ಪಕ್ಕದ ಸಣ್ಣ ಕೋಣೆಗೆ ಬಂದಾಗ ಮಗಳು ಬಾಗಿಲಲ್ಲಿ ನಿಂತು, "ಇದಕ್ಕೆ ಏನಾದ್ರೂ ಬೇರೆ ಥರ ಮಾಡು ಅಮ್ಮ. ಎಲ್ಲರ ಮನೇದು ಬೇಡ" ಎಂದಳು.

ಅವಳ ಕೈ ಆಗಲೇ ಬಳ್ಳಿಯ ಬುಡ ಎಳೆದಿತ್ತು. ಒಂದು ಗಳಿಗೆ ಬ್ರಷ್ಷು ನಿಂತಿತು. ಏಣಿಯ ಮೇಲಿನ ಹೆಂಗಸಿಗೆ ಎಲ್ಲಿಂದಲೋ ಒಂದು ಚಿತ್ರ ಮನಸ್ಸಿಗೆ ಬಂತು, ಬಣ್ಣ ಸಮೇತ. ಗೋಡೆಯ ಅಳತೆಯೂ ಸರಿಯಾಗಿತ್ತು. ಅವಳು ಅದನ್ನು ನೋಡಿದಳು, ಬಿಟ್ಟಳು. "ಬೇರೆ ಏನೂ ಗೊತ್ತಿಲ್ಲ ನಂಗೆ" ಎಂದು ಬಳ್ಳಿಯನ್ನು ಮುಂದುವರಿಸಿದಳು. ಮಗಳು ಇನ್ನಷ್ಟು ಹೊತ್ತು ನಿಂತಿದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಡಿಗೆಮನೆಗೆ ಹೋದಳು.

ಕೊನೆಯ ದಿನ ಪರದೆ ತೂಗಿ, ನೆಲ ಒರೆಸಿ, ಚೀಲ ಹೆಗಲಿ‌ಗೇರಿಸಿದಳು. "ಚೆನ್ನಾಗಿದೆ" ಎಂದಳು ಮಗಳು.

"ಎಲ್ಲರ ಮನೇಲೂ ಚೆನ್ನಾಗೇ ಇದೆ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಣುವ ಕಣ್ಣಿಗೆ ಧೂಳು ಹೊಡೆಯುತ್ತಿತ್ತೆಂದು ಇಡೀ ದಾರಿ ಮುಚ್ಚಿಕೊಂಡೇ ಕೂತಳು. ಮನೆಗೆ ಬಂದಾಗ ಸಂಜೆಯಾಗಿತ್ತು. ಗಂಡ ಬಾಗಿಲಲ್ಲೇ ಕಾಯುತ್ತ ಕೂತಿದ್ದ. ಅವಳು ಚೀಲ ಇಳಿಸುವ ತನಕ ತಡೆದುಕೊಂಡು ಆಮೇಲೆ ಕೇಳಿದ.

"ಹೇಗಿದಾಳೆ?"

ತುಣುಕಮ್ಮ ಬ್ರಷ್ಷುಗಳನ್ನು ತೆಗೆದು ನೀರಿಗೆ ಹಾಕಿದಳು.

"ಎರಡು ಕೋಣೆ, ಒಂದು ಅಡಿಗೆಮನೆ. ಗೋಡೆ ಗಟ್ಟಿ ಇದೆ" ಎಂದಳು.